ಐದು ಚಳಿಗಾಲ ಬಳಸಿದ 400 ಎಂಎಂ: ಹಾರುವ ಕಳ್ಳಿಪೀರದ ಹಿಂದೆ

ಕ್ಯಾನನ್ 400 ಎಂಎಂ ಎಫ್/5.6 ಎಲ್ ಲೆನ್ಸನ್ನು ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್, 45 ಸಾವಿರ ರೂಪಾಯಿಗೆ. 1993ರ ಡಿಸೈನು. ಈಗ ತಯಾರಿಕೆಯೂ ನಿಂತಿದೆ. ಜೂಮ್ ಇಲ್ಲ, ಕೈನಡುಕ ತಡೆಯುವ ಐಎಸ್ ಇಲ್ಲ. "ಇದನ್ನ ಯಾಕೋ ತಗೊಂಡೆ, ಮ್ಯೂಸಿಯಂಗಾ?" ಅಂದಿದ್ದ ಗೆಳೆಯ. ಅದನ್ನೇ 7ಡಿ ಮಾರ್ಕ್ 2 ಕ್ಯಾಮೆರಾಕ್ಕೆ ಸಿಕ್ಕಿಸಿಕೊಂಡು, ಚಿಕ್ಕಮಗಳೂರಿಂದ ಸಖರಾಯಪಟ್ಟಣದ ಅಯ್ಯನಕೆರೆಗೆ ಓಡಾಡುತ್ತ ಐದು ಚಳಿಗಾಲ ಕಳೆದಿದ್ದೇನೆ. ಹುಲಿಗೆ ಹೇಗೆ, ಮದುವೆಗೆ ಹೇಗೆ ಅಂತ ಕೇಳಬೇಡಿ, ಗೊತ್ತಿಲ್ಲ. ನನ್ನ ಹುಚ್ಚು ಹಾರುವ ಸಣ್ಣ ಹಕ್ಕಿಯದು: ಕಳ್ಳಿಪೀರ, ಕವಲುತೋಕೆ, ಆಗಾಗ ಒಂದು ಮಿಂಚುಳ್ಳಿ.

ಮೊದಲು ತೂಕದ ವಿಷಯ. ಲೆನ್ಸ್ 1250 ಗ್ರಾಂ. ಗೆಳೆಯನ 150-600 ಜೂಮು ಹೆಚ್ಚುಕಮ್ಮಿ 2 ಕೆಜಿ. ಈ ಮುಕ್ಕಾಲು ಕೆಜಿ ಅಂಗಡಿಯಲ್ಲಿ ಕೈಗೆ ಹತ್ತುವುದಿಲ್ಲ. ಕೆರೆ ಏರಿಯ ಮೇಲೆ ನಿಂತು ನಲವತ್ತನೇ ಸಲ ಕ್ಯಾಮೆರಾ ಎತ್ತುವಾಗ ಹತ್ತುತ್ತದೆ. ಕವಲುತೋಕೆ ಹೇಳಿಕೇಳಿ ಬರುವ ಪ್ರಾಣಿಯಲ್ಲ. ಅದು ತಿರುಗುವಷ್ಟರಲ್ಲಿ ನಾವೂ ಸೊಂಟದಿಂದ ತಿರುಗಬೇಕು. ಟ್ರೈಪಾಡ್ ಒಂದೇ ಸಲ ಒಯ್ದೆ. ಆಮೇಲಿಂದ ಅದು ಮನೆಯಲ್ಲೇ ಇದೆ, ಮಳೆಗಾಲದಲ್ಲಿ ಅದರ ಮೇಲೆ ಟವೆಲ್ ಒಣಗುತ್ತದೆ.

ಐಎಸ್ ಇಲ್ಲದ್ದು ಕೊರತೆ ಅಂತ ಎಲ್ಲರೂ ಹೇಳುತ್ತಾರೆ. ಅದು ತಡೆಯುವುದು ನಮ್ಮ ಕೈಯ ನಡುಕವನ್ನು, ಹಕ್ಕಿಯ ರೆಕ್ಕೆಯನ್ನಲ್ಲ. ಕಳ್ಳಿಪೀರದ ರೆಕ್ಕೆ ನಿಲ್ಲಿಸಲು ನಾನು ಸೆಕೆಂಡಿನ 1/3200ರ ಶಟರ್ ವೇಗದಲ್ಲಿ ಹೊಡೆಯುತ್ತೇನೆ. ಆ ವೇಗದಲ್ಲಿ ಕೈ ನಡುಗಿದರೂ ಚಿತ್ರಕ್ಕೆ ಗೊತ್ತಾಗುವುದಿಲ್ಲ. 1/1600ಕ್ಕೆ ಇಳಿಸಿದರೆ ತಲೆ ಸ್ಪಷ್ಟ, ರೆಕ್ಕೆಯ ತುದಿ ಹೊಗೆ. ಕೆಲವರಿಗೆ ಅದೇ ಚೆಂದ, ನನಗಲ್ಲ. ಆದರೆ ಕಾಫಿ ತೋಟದ ನೆರಳಲ್ಲಿ, ಸಂಜೆ ಐದೂವರೆಗೆ, ಕೂತ ಹಕ್ಕಿ ತೆಗೆಯಬೇಕೆಂದರೆ ಈ ಲೆನ್ಸ್ ಚೀಲದಲ್ಲೇ ಇರಲಿ: ಬೆಳಕು ಕಮ್ಮಿ, ಶಟರ್ ನಿಧಾನ, ಆಗ ಕೈನಡುಕ ಕಾಣುತ್ತದೆ.

ಇನ್ನು ನಿಜವಾದ ಕಷ್ಟ. ಎಂಟೂವರೆ ಮೀಟರ್ ದೂರದಲ್ಲಿ, ಈ ಕ್ಯಾಮೆರಾದಲ್ಲಿ, ಫ್ರೇಮಿಗೆ ಸಿಗುವುದು ಒಂದೂವರೆ ಅಡಿ ಅಗಲ, ಒಂದಡಿ ಎತ್ತರದ ಕಿಟಕಿ. ಎಫ್/5.6ರಲ್ಲಿ ಫೋಕಸ್ ನಿಲ್ಲುವ ಆಳ ಸುಮಾರು 10 ಸೆಂಟಿಮೀಟರ್, ಅಂದರೆ ಅರ್ಧ ಗೇಣೂ ಇಲ್ಲ. ಹಕ್ಕಿ ಸೆಕೆಂಡಿಗೆ 10 ಮೀಟರ್ ಹಾರಿದರೆ, ಸೆಕೆಂಡಿಗೆ 10 ಫ್ರೇಮ್ ಹೊಡೆಯುವ ನನ್ನ ಕ್ಯಾಮೆರಾದ ಒಂದು ಫ್ರೇಮಿಂದ ಇನ್ನೊಂದಕ್ಕೆ ಅದು ಒಂದು ಮೀಟರ್ ಆಚೆ. ಕಿಟಕಿಯ ಎರಡರಷ್ಟು ದೂರ! ಗುಂಡಿ ಒತ್ತಿ ಹಿಡಿದರೆ ಯಾವುದಾದರೂ ಒಂದು ಬಂದೀತು ಅಂತ ಮೊದಲ ವರ್ಷ ನಾನೂ ನಂಬಿದ್ದೆ. ಬರೀ ಆಕಾಶ ಬಂತು. ಮೂಡಿಗೆರೆಯ ತೇಜಸ್ವಿಯವರು ಹಕ್ಕಿ ಹಿಂದೆ ಬಿದ್ದ ಕಾಲದಲ್ಲಿ ರೋಲಿಗೆ 36 ಚಿತ್ರ. ನನ್ನ ಕ್ಯಾಮೆರಾಗೆ ಅದು ನಾಲ್ಕು ಸೆಕೆಂಡಿನ ಮೇವು.

ಹಾಗಾಗಿ ಕಲಿತದ್ದು ಕಾಯುವುದನ್ನು. ಕಳ್ಳಿಪೀರ ಒಂದೇ ಕಡ್ಡಿಗೋ ತಂತಿಗೋ ಮತ್ತೆ ಮತ್ತೆ ಬರುತ್ತದೆ. ಆ ಜಾಗಕ್ಕೆ ಮೊದಲೇ ಫೋಕಸ್ ಮಾಡಿ, ಹಕ್ಕಿ ಬರುವ ದಾರಿಯತ್ತ ಲೆನ್ಸ್ ತಿರುಗಿಸಿಕೊಂಡು ನಿಲ್ಲಬೇಕು. ಹಾಗೆ ನಿಂತ ಒಂದು ಬೆಳಿಗ್ಗೆ ದನ ಹೊಡೆದುಕೊಂಡು ಬಂದ ಅಜ್ಜ ಕೇಳಿದ: "ಏನಪ್ಪಾ, ಆಗ್ಲಿಂದ ಕಂಬ ನೋಡ್ತಾ ನಿಂತಿದೀಯ, ಲೈನ್‌ಮನ್ನಾ?"

"ಅಲ್ಲ ತಾತ, ಹಕ್ಕಿ."

"ಅದು ಹೋಯ್ತಲ್ಲ."

"ಮತ್ತೆ ಬರುತ್ತೆ."

"ಬಂದ್ಮೇಲೆ ನೋಡಿದ್ರಾಗಲ್ವಾ?" ಅಂದು ಹೋದ. ಉತ್ತರ ಕೊಡಲು ನನಗೆ ಇವತ್ತಿಗೂ ಆಗಿಲ್ಲ.

ನಿಲ್ಲುವ ಜಾಗದ ಗುಟ್ಟು ಗಾಳಿಯಲ್ಲಿದೆ. ಹಕ್ಕಿ ಏಳುವುದೂ ಇಳಿಯುವುದೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿ. ಡಿಸೆಂಬರ್, ಜನವರಿಯಲ್ಲಿ ಈ ಬಯಲಿಗೆ ಮೂಡಣ ಗಾಳಿ. ಬೆಳಗಿನ ಬಿಸಿಲೂ ಅದೇ ಕಡೆಯಿಂದ. ಎರಡನ್ನೂ ಬೆನ್ನಿಗೆ ಹಾಕಿಕೊಂಡು ನಿಂತರೆ ಹಕ್ಕಿ ಕೊಕ್ಕು ಮುಂದೆ ಮಾಡಿ ನಮ್ಮ ಕಡೆಗೇ ಬರುತ್ತದೆ, ಮುಖದ ಮೇಲೆ ಬೆಳಕು. ಸಂಜೆ ಸೂರ್ಯ ಪಡುವಣಕ್ಕೆ ಹೋಗುತ್ತಾನೆ, ಗಾಳಿ ಹೋಗುವುದಿಲ್ಲ. ಆಗ ಸಿಗುವುದು ಬಾಲದ ಫೋಟೋ. ಇಷ್ಟು ತಿಳಿಯಲು ನನಗೆ ಎರಡು ಚಳಿಗಾಲ ಹಿಡಿಯಿತು. ಲೆನ್ಸ್ ಬದಲಿಸಬೇಕು ಅಂದುಕೊಂಡಿದ್ದೆ, ಬದಲಿಸಬೇಕಾದದ್ದು ನಿಂತ ಜಾಗ.

ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಅನ್ನುವ ಲೆಕ್ಕ, ಪೂರ್ತಿ ಮ್ಯಾನ್ಯುಯಲ್. ಹಕ್ಕಿಯ ಹಿಂದೆ ಒಮ್ಮೆ ಆಕಾಶ, ಮರುಕ್ಷಣ ಶಕುನಗಿರಿ ಬೆಟ್ಟದ ಕಪ್ಪು ಮೈ, ಆಮೇಲೆ ಹೊಳೆಯುವ ನೀರು. ಕ್ಯಾಮೆರಾದ ಮಾತು ಕೇಳಿದರೆ ಒಂದೇ ಹಕ್ಕಿ ಮೂರು ಬಣ್ಣ. ಹಕ್ಕಿಯ ಮೇಲೆ ಬೀಳುವ ಬಿಸಿಲು ಮಾತ್ರ ಅದೇ ತಾನೆ? ಎಂಟು ಗಂಟೆಯ ಬಿಸಿಲಿಗೆ 1/3200, ಎಫ್/5.6, ಐಎಸ್‌ಒ 800 ಇಟ್ಟು ಮರೆತುಬಿಡುತ್ತೇನೆ. ಬಿಸಿಲೇರಿದಂತೆ ಐಎಸ್‌ಒ 400.

ಲೆನ್ಸಿನ ಪಕ್ಕದಲ್ಲಿ ಒಂದು ಸಣ್ಣ ಸ್ವಿಚ್ ಇದೆ, ಫೋಕಸನ್ನು 8.5 ಮೀಟರಿಂದಾಚೆಗೆ ಕಟ್ಟಿಹಾಕುವುದು. ಹಾರುವ ಹಕ್ಕಿಗೆ ಇದು ವರ: ಗುರಿ ತಪ್ಪಿದರೆ ಫೋಕಸ್ ಹತ್ತಿರಕ್ಕೆಲ್ಲ ಹುಡುಕಾಡಿಕೊಂಡು ಬರುವುದಿಲ್ಲ. ಒಮ್ಮೆ ಐದು ಮೀಟರಿನಲ್ಲೇ ಬೇಲಿ ಮೇಲೆ ಕಳ್ಳಿಪೀರ ಕೂತು, ಹಿಡಿದ ಏರೋಪ್ಲೇನ್ ಚಿಟ್ಟೆಯನ್ನು ಕೊಂಬೆಗೆ ಬಡಿಯುತ್ತಿತ್ತು. ಪ್ರತಿ ಏಟಿಗೂ ಚಿಟ್ಟೆಯ ರೆಕ್ಕೆ ಬಿಸಿಲಲ್ಲಿ ಮಿಣಕ್ ಅನ್ನುತ್ತಿತ್ತು. ಫೋಕಸ್ ಆಗಲೇ ಇಲ್ಲ. ಕ್ಯಾಮೆರಾ ಕೆಟ್ಟಿತು ಅಂತ ಬ್ಯಾಟರಿ ತೆಗೆದು ಹಾಕಿದೆ, ಬೈದೆ. ಹಕ್ಕಿ ಊಟ ಮುಗಿಸಿ ಹೋದ ಮೇಲೆ ಸ್ವಿಚ್ ನೆನಪಾಯಿತು.

ಮಳೆಗಾಲಕ್ಕೆ ಬರೋಣ. ಈ ಲೆನ್ಸಿಗೆ ನೀರು, ಧೂಳು ತಡೆಯುವ ಸೀಲ್ ಇಲ್ಲ. ಮಲೆನಾಡಿನ ಜುಲೈನಲ್ಲಿ ಬೀರುವಿನಲ್ಲಿಟ್ಟ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ, ಗಾಜನ್ನು ಬಿಟ್ಟೀತೆ? ಎರಡನೇ ವರ್ಷ ಒಳಗೆ ಜೇಡರ ಬಲೆಯಂಥ ಫಂಗಸ್. ಬೆಂಗಳೂರಿನ ಒಂದು ರಿಪೇರಿ ಅಂಗಡಿಗೆ ಕಳಿಸಿದೆ. ಫಂಗಸ್ ಹೋಯಿತು, ವಾಪಸು ಬಂದಾಗಿನಿಂದ ಫ್ರೇಮಿನ ಎಡ ಅಂಚು ಮಂಕು. ಫೋನ್ ಮಾಡಿದರೆ "ಮೊದ್ಲಿಂದ್ಲೂ ಹಂಗೇ ಇತ್ತು ಸಾರ್" ಅಂದರು. ಈಗ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. ಮುಳ್ಳು ಶೇಕಡಾ 40-50ರ ನಡುವೆ ಇರುವಂತೆ ನೋಡಿಕೊಳ್ಳುತ್ತೇನೆ. ಜೆಲ್ ಬಣ್ಣ ತಿರುಗಿದರೆ ಬಾಣಲೆಯಲ್ಲಿ ಹುರಿಯುತ್ತೇನೆ. ಅದಕ್ಕೆಂದೇ ಬೇರೆ ಬಾಣಲೆ ಕೊಂಡ ಮೇಲೆ ಮನೆಯಲ್ಲಿ ಶಾಂತಿ.

ಕಣ್ಣು ಗುರುತಿಸುವ ಹೊಸ ಮಿರರ್‌ಲೆಸ್ ಕ್ಯಾಮೆರಾ ಬಾಡಿಯನ್ನು ಎರಡು ದಿನ ಎರವಲು ತಂದು, ಅಡಾಪ್ಟರ್ ಹಾಕಿ ಇದೇ ಲೆನ್ಸಿನಲ್ಲಿ ಹೊಡೆದೆ. ಕಳ್ಳಿಪೀರ ಸುಲಭವಾಯಿತು, ಸುಳ್ಳು ಹೇಳಲಾರೆ. ಕವಲುತೋಕೆ ಮೊದಲಿನಷ್ಟೇ ಆಟ ಆಡಿಸಿತು. ದುಡ್ಡಿದ್ದರೆ ಬಾಡಿ ಬದಲಿಸಿ, ಲೆನ್ಸ್ ಇರಲಿ.

ಹಳೆಯದನ್ನೇ ಕೊಳ್ಳುವುದಾದರೆ ಕತ್ತಲ ಕೋಣೆಗೆ ಒಯ್ದು, ಹಿಂದಿನ ಗಾಜಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ, ಫಂಗಸ್ ಇದ್ದರೆ ಕಾಣುತ್ತದೆ. ಆಮೇಲೆ ಒಂದು ಇಟ್ಟಿಗೆ ಗೋಡೆಗೆ ನೇರ ನಿಂತು ಒಂದು ಫ್ರೇಮ್ ಹೊಡೆದು ನಾಲ್ಕೂ ಮೂಲೆ ಹಿಗ್ಗಿಸಿ. ಎಡ ಅಂಚು ಮಂಕಿದ್ದರೆ ಅದು ನನ್ನದೇ ಲೆನ್ಸ್ ಇರಬಹುದು.