ಮೂರು ವರ್ಷ ಗೋಡೆಯ ಮೇಲಿದ್ದ ಮೋನೆಯ ಸೂರ್ಯೋದಯ: ಕ್ಯಾನ್ವಾಸ್ ಪ್ರಿಂಟ್ ಹೇಗೆ ಬಾಳಿದೆ?

ಫ್ರೆಂಚ್ ಚಿತ್ರಕಾರ ಕ್ಲೋದ್ ಮೋನೆಯ ‘ಇಂಪ್ರೆಷನ್, ಸನ್‌ರೈಸ್’ ಚಿತ್ರದ ಕ್ಯಾನ್ವಾಸ್ ಪ್ರಿಂಟ್ ಇದು. ಅಳತೆ 24×18 ಇಂಚು. ಹತ್ತಿ-ಪಾಲಿಯೆಸ್ಟರ್ ಮಿಶ್ರಿತ 380 ಜಿಎಸ್ಎಂ (ಚದರ ಮೀಟರಿಗೆ 380 ಗ್ರಾಂ) ಬಟ್ಟೆ, ಪಿಗ್ಮೆಂಟ್ ಇಂಕ್ (ಬಣ್ಣದ ಪುಡಿಯ ಶಾಯಿ), ಮೇಲೆ ಮಂದ ಹೊಳಪಿನ ಸ್ಯಾಟಿನ್ ವಾರ್ನಿಷ್, ಹಿಂದೆ ಬಟ್ಟೆಯನ್ನು ಬಿಗಿದಿರುವ 38 ಮಿ.ಮೀ. ದಪ್ಪದ ಪೈನ್ ಮರದ ಚೌಕಟ್ಟು. ಮೂರು ವರ್ಷದಿಂದ ಒಂದೇ ಗೋಡೆಯಲ್ಲಿದೆ. ಅಂಕ ಐದಕ್ಕೆ ಮೂರೂವರೆ. ಬಣ್ಣ ಮಾಸಿಲ್ಲ, ಆ ಮಟ್ಟಿಗೆ ದೂರಿಲ್ಲ. ಅಂಕ ಕಳೆದದ್ದು ಸೂರ್ಯ ಮತ್ತು ಮೂಲೆಗಳ ಲೆಕ್ಕದಲ್ಲಿ.

ಸೂರ್ಯನ ವಿಷಯ ಮೊದಲು. ಮೂಲ ಚಿತ್ರದಲ್ಲಿ ಆ ಕಿತ್ತಳೆ ಬಿಂಬ ಸುತ್ತಲಿನ ಬೂದು ಆಕಾಶಕ್ಕಿಂತ ಹೆಚ್ಚು ಬೆಳಗುವುದಿಲ್ಲ. ಬಣ್ಣ ಬೇರೆ, ಪ್ರಕಾಶದ ಮಟ್ಟ ಹೆಚ್ಚುಕಡಿಮೆ ಒಂದೇ. ಚಿತ್ರವನ್ನು ಕಪ್ಪು-ಬಿಳುಪಿಗೆ ತಿರುಗಿಸಿದರೆ ಸೂರ್ಯ ಬಹುಮಟ್ಟಿಗೆ ಮಾಯವಾಗುತ್ತಾನೆ ಎಂಬುದನ್ನು ಹಾರ್ವರ್ಡ್‌ನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ತೋರಿಸಿಕೊಟ್ಟಿದ್ದಾರೆ. ಬಣ್ಣವನ್ನು ಗುರುತಿಸುವ ಮಿದುಳಿನ ಭಾಗಕ್ಕೆ ಈ ಸೂರ್ಯ ಢಾಳಾಗಿ ಕಾಣುತ್ತಾನೆ. ಬೆಳಕಿನ ವ್ಯತ್ಯಾಸದಿಂದ ವಸ್ತು ಎಲ್ಲಿದೆ ಎಂದು ಹೇಳುವ ಭಾಗಕ್ಕೆ ಸಿಗುವುದೇ ಇಲ್ಲ. ಮಂಜಿನಲ್ಲಿ ಅವನು ಮಿಡಿಯುತ್ತಿರುವಂತೆ ಅನಿಸುವುದು ಅದಕ್ಕೇ. ಮುದ್ರಿಸುವವರು ಚಿತ್ರ ‘ಎದ್ದು ಕಾಣಲಿ’ ಎಂದು ಕಾಂಟ್ರಾಸ್ಟ್ ಏರಿಸಿದರೆ ಮಿಡಿತ ಸತ್ತು ಬಲ್ಬ್ ಉಳಿಯುತ್ತದೆ. ಈ ಪ್ರಿಂಟಿನಲ್ಲಿ ಆಗಿರುವುದು ಅದೇ.

ಪರೀಕ್ಷೆ ಸುಲಭ. ಹಗಲು ಬೆಳಕಿನಲ್ಲಿ, ಹೊಳಪು ಬೀಳದ ಕೋನದಿಂದ ಫೋನಿನಲ್ಲಿ ಫೋಟೋ ತೆಗೆದು ಸ್ಯಾಚುರೇಶನ್ (ಬಣ್ಣದ ಗಾಢತೆ) ಸೊನ್ನೆಗೆ ಇಳಿಸಿ. ಸೂರ್ಯ ಬೂದು ಬಣ್ಣದಲ್ಲಿ ಕರಗಿದರೆ ಪ್ರಿಂಟ್ ಒಳ್ಳೆಯದು; ಬಿಳಿ ನಾಣ್ಯದಂತೆ ಉಳಿದರೆ ಮುದ್ರಣದ ಡಿಜಿಟಲ್ ಕಡತವನ್ನು ತಿದ್ದಿದ್ದಾರೆ ಎಂದರ್ಥ. ದೋಣಿಗಳನ್ನೂ ನೋಡಿ. ಮುಂದಿನದು ಕಪ್ಪಗೆ ಸ್ಪಷ್ಟ, ಅದರ ಹಿಂದಿನದು ಮಸುಕು, ಇನ್ನೂ ಹಿಂದಿನದು ಇದೆಯೋ ಇಲ್ಲವೋ ಎಂಬಷ್ಟು ತೆಳು. ಆ ತೆಳು ದೋಣಿ ಕಾಣದಿದ್ದರೆ, ಹಿನ್ನೆಲೆಯ ಹಡಗುಗಂಬಗಳು ಒಂದಕ್ಕೊಂದು ಮೆತ್ತಿಕೊಂಡಿದ್ದರೆ, ಚಿಕ್ಕ ಕಡತವನ್ನು ಎಳೆದು ದೊಡ್ಡದು ಮಾಡಿದ್ದಾರೆ. 24 ಇಂಚು ಅಗಲಕ್ಕೆ ಇಂಚಿಗೆ 150 ಪಿಕ್ಸೆಲ್‌ನಂತೆ ಕನಿಷ್ಠ 3600 ಪಿಕ್ಸೆಲ್ ಬೇಕು. ಇದರಲ್ಲಿ ದೋಣಿಗಳು ಚೆನ್ನಾಗಿಯೇ ಬಂದಿವೆ.

ಅಳತೆ ಮಾತ್ರ ಸರಿಯಾದ ಆಯ್ಕೆ. ಪ್ಯಾರಿಸ್‌ನ ಮಾರ್ಮೊತಾನ್ ಸಂಗ್ರಹಾಲಯದಲ್ಲಿರುವ ಮೂಲಚಿತ್ರ 48×63 ಸೆಂ.ಮೀ., ಅಂದರೆ ಈ ಪ್ರಿಂಟಿಗಿಂತ ಸುಮಾರು ಎರಡು ಸೆಂ.ಮೀ. ಅಷ್ಟೇ ದೊಡ್ಡದು. ಇದನ್ನು ಸೋಫಾದಷ್ಟು ಅಗಲಕ್ಕೆ ಹಿಗ್ಗಿಸಿದರೆ ನೀರಿನ ಮೇಲಿನ ನಾಲ್ಕಾರು ಕಿತ್ತಳೆ ಗೀರುಗಳು ಹಲಗೆಗಳಂತೆ ಕಾಣುತ್ತವೆ.

ಆರ್ಡರ್ ಮಾಡುವಾಗ ಬಹಳ ಜನ ಎಡವುವುದು ಬದಿಯ ವಿಷಯದಲ್ಲಿ. ಚಿತ್ರವನ್ನೇ ಬದಿಗೆ ಮಡಚುವ ಆಯ್ಕೆ ತೆಗೆದುಕೊಂಡರೆ 38 ಮಿ.ಮೀ. ಚೌಕಟ್ಟಿಗೆ ನಾಲ್ಕೂ ಕಡೆ ಸುಮಾರು 4 ಸೆಂ.ಮೀ. ಹೋಗುತ್ತದೆ. ಕೆಳಗೆ ಎಡ ಮೂಲೆಯಲ್ಲಿರುವ ಮೋನೆಯ ಸಹಿ, ಜೊತೆಗಿನ 72 (ಅಂದರೆ 1872) ಎಂಬ ಇಸವಿ ಮಡಿಕೆಯ ಬಾಯಿಗೆ ಬಂದು ನಿಲ್ಲುತ್ತವೆ. ಬದಿಗೆ ಚಿತ್ರದ ಅಂಚಿನ ಕನ್ನಡಿ ಪ್ರತಿಬಿಂಬ ಇಲ್ಲವೇ ಒಂದೇ ಬಣ್ಣ ಕೇಳುವುದು ಲೇಸು. ಇನ್ನೊಂದು: ‘ಕುಂಚದ ಸ್ಪರ್ಶ’ ಎಂದು ಮೇಲೆ ಪಾರದರ್ಶಕ ಜೆಲ್ ಬಳಿದು ಕೊಡುತ್ತಾರೆ. ಆ ಗೀರು ಮೋನೆಯ ಗೀರಿನ ದಾರಿಯಲ್ಲಿ ಹೋಗುವುದಿಲ್ಲ. ದೀಪ ಹಾಕಿದ ಕೂಡಲೇ ಎರಡೂ ಜಗಳಕ್ಕೆ ನಿಲ್ಲುತ್ತವೆ. ಬೇಡ.

ಕಾಲ ಕಳೆದಂತೆ ಕಂಡದ್ದು ಇಷ್ಟು. ಮೊದಲ ವರ್ಷ ಮುಗಿಯುವ ಹೊತ್ತಿಗೆ ಬಟ್ಟೆ ಜೋತುಬಿತ್ತು. ಗಾಳಿಯ ತೇವ ಏರಿಳಿದಂತೆ ಬಟ್ಟೆಯೂ ಮರವೂ ಹಿಗ್ಗಿ ಕುಗ್ಗುತ್ತವೆ, ಆದರೆ ಒಂದೇ ಲೆಕ್ಕದಲ್ಲಿ ಅಲ್ಲ. ಬೆರಳಲ್ಲಿ ತಟ್ಟಿದರೆ ಬಿಗಿಯಾದ ಬಟ್ಟೆ ತಮಟೆಯಂತೆ ಮಾರ್ದನಿಸಬೇಕು. ಇದು ದಿಂಬಿನಂತೆ ‘ದಪ್’ ಎನ್ನುತ್ತಿತ್ತು. ಚೌಕಟ್ಟಿನ ಮೂಲೆಗಳಲ್ಲಿ ಸೀಳು ಇದ್ದು ಜೊತೆಗೆ ಎಂಟು ಮರದ ಬೆಣೆ ಬಂದಿದ್ದರಿಂದ ಬಚಾವ್. ಮೂಲೆಗೆ ಎರಡರಂತೆ ಬೆಣೆ ಕೂರಿಸಿ, ಬಟ್ಟೆಗೂ ಮರಕ್ಕೂ ನಡುವೆ ದಪ್ಪ ಕಾಗದ ಇಟ್ಟು, ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಒಂದೇ ಮೂಲೆಗೆ ಪೂರ್ತಿ ಬಡಿದರೆ ಚೌಕಟ್ಟು ಸೊಟ್ಟಗಾಗುತ್ತದೆ. ನಾಲ್ಕೂ ಮೂಲೆಗೆ ಸುತ್ತು ಹಾಕುತ್ತಾ ಒಂದೊಂದು ಮಿ.ಮೀ. ಸಾಕು. ಮೂಲೆಗಳನ್ನು ಗೋಂದು, ಸ್ಟೇಪಲ್ ಹಾಕಿ ಭದ್ರ ಮಾಡಿದ ಚೌಕಟ್ಟಾದರೆ ಬೆಣೆಗೆ ಕೆಲಸವಿಲ್ಲ. ಹಿಂಬದಿಗೆ ತೆಳುವಾಗಿ ನೀರು ಸಿಂಪಡಿಸಿ ನೆರಳಲ್ಲಿ ಒಣಗಿಸಿದರೆ ಬಿಗಿ ಬರುತ್ತದೆ, ಆದರೆ ಸ್ವಲ್ಪ ಕಾಲಕ್ಕೆ ಮಾತ್ರ. ಹೇರ್ ಡ್ರೈಯರ್ ಹಿಡಿಯಬೇಡಿ.

ಕೊಳ್ಳುವಾಗ ಚೌಕಟ್ಟನ್ನು ತಿರುಗಿಸಿ ನೋಡಬೇಕಾದ ಇನ್ನೊಂದು ಅಂಶ, ಮರದ ಮುಂಭಾಗ ಒಳಗಡೆಗೆ ಇಳಿಜಾರಾಗಿದೆಯೇ ಎಂಬುದು. ಸಪಾಟು ಮರವಾದರೆ ಬಟ್ಟೆ ಅದಕ್ಕೆ ಅಂಟಿಕೊಂಡು, ಒಳ ಅಂಚಿನ ಗೆರೆ ಮುಂದಿನಿಂದ ಚೌಕವಾಗಿ ಮೂಡುತ್ತದೆ. ಇದರಲ್ಲಿ ಇಳಿಜಾರು ಇದೆ, ಗೆರೆ ಮೂಡಿಲ್ಲ.

ಮೂಲೆಗಳಲ್ಲಿ ಮಾತ್ರ ಇಂಕ್ ಬಿರುಕು ಬಿಟ್ಟಿದೆ. ಇಂಕ್ ಹಿಡಿದಿಡುವ ಬಿಳಿ ಲೇಪ ಚೂಪು ಮಡಿಕೆಯಲ್ಲಿ ಒಡೆದು, ಕೂದಲೆಳೆಯಷ್ಟು ಬಿಳಿ ಗೆರೆ ಇಣುಕುತ್ತಿದೆ. ಕೆಳಗಿನ ಬಲಮೂಲೆಯಲ್ಲಿ ಒಂದು ಸೆಂ.ಮೀ. ಉದ್ದ. ಹೊಂದುವ ಬೂದು-ನೀಲಿ ಅಕ್ರಿಲಿಕ್ ಬಣ್ಣವನ್ನು ಸೊನ್ನೆ ನಂಬರಿನ ಕುಂಚದ ತುದಿಯಲ್ಲಿ ಮುಟ್ಟಿಸಿದರೆ ಮರೆಯಾಗುತ್ತದೆ.

ಹಳದಿಯಾಗುವ ಭಯವಿದ್ದರೆ, ಬಟ್ಟೆಯ ಮುದ್ರಿಸದ ಬಿಳಿ ಅಂಚಿಗೆ ಕತ್ತಲಲ್ಲಿ ಯುವಿ ಟಾರ್ಚ್ ಹಿಡಿಯಿರಿ. ನೀಲಿ-ಬಿಳುಪಾಗಿ ಹೊಳೆದರೆ ಬೆಳ್ಳಗೆ ತೋರಿಸುವ ರಾಸಾಯನಿಕ ಸೇರಿಸಿದ್ದಾರೆ. ಅದರ ಶಕ್ತಿ ಕುಂದಿದಂತೆ ಬಿಳುಪು ಹಳದಿಗೆ ತಿರುಗುತ್ತದೆ. ಧೂಳಿಗೆ ಒಣ ಮೆತ್ತನೆಯ ಕುಂಚ ಸಾಕು, ಒದ್ದೆ ಬಟ್ಟೆ ಬೇಡ. ಕೆಳಗಿನ ಎರಡು ಮೂಲೆಗೆ ಹಿಂದಿನಿಂದ ಫೆಲ್ಟ್ ಬಿಲ್ಲೆ ಅಂಟಿಸಿದರೆ ಗಾಳಿ ಆಡಿ ಬೂಸ್ಟು ಹಿಡಿಯುವುದು ಕಡಿಮೆ. ನಡುವೆ ಒಂದೇ ಹಲ್ಲುಪಟ್ಟಿಗೆ (ಹಲ್ಲುಗಳಿರುವ ತೂಗುಪಟ್ಟಿ) ತೂಗುವುದಕ್ಕಿಂತ ಎರಡು ಮೊಳೆಗೆ ಎರಡು ಡಿ-ರಿಂಗ್ (ಡಿ ಆಕಾರದ ಉಂಗುರ) ಹಾಕಿದರೆ ಚಿತ್ರ ಓರೆಯಾಗುವುದಿಲ್ಲ.

ದೀಪ ಹಳದಿ ಬೆಳಕಿನ 2700 ಕೆಲ್ವಿನ್‌ನದ್ದಾದರೆ ಬೂದು-ನೀಲಿ ಮಂಜು ಕಂದು ನೀರಾಗುತ್ತದೆ. 4000 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ನಿಜದಂತೆ ತೋರಿಸುವ ಅಳತೆ) 90ಕ್ಕೆ ಮೇಲಿನ ಬಲ್ಬ್ ಹಾಕಿದ ಮೇಲೆ ಮಂಜಿನ ಹಸಿರು ಛಾಯೆ ಮರಳಿ ಬಂತು. ಆದರೆ ಸೂರ್ಯ ಮಾತ್ರ ಯಾವ ದೀಪಕ್ಕೂ ಬಗ್ಗಲಿಲ್ಲ. ಪೂರ್ತಿ ಪ್ರಿಂಟಿಗೆ ಮೊದಲು ಸೂರ್ಯನೂ ಅವನ ಕೆಳಗಿನ ನೀರೂ ಬರುವ ಒಂದು ಅಂಗೈ ಅಗಲದ ತುಂಡನ್ನು ಅದೇ ಬಟ್ಟೆಯಲ್ಲಿ ಮುದ್ರಿಸಿ ಕಳಿಸಿ ಎಂದು ಕೇಳಿ, ಕೆಲವರು ಕೊಡುತ್ತಾರೆ.