ಘಟ್ಟ ಹತ್ತಲು ಯಾವ ಕ್ಲಚ್ ಪ್ಲೇಟು, ಯಾವ ಬೋಲ್ಟು?

ಎಂಜಿನ್ನಿನ ಓಟವನ್ನು ಗೇರಿಗೆ ದಾಟಿಸುವ ಬಿಲ್ಲೆ ಕ್ಲಚ್ ಪ್ಲೇಟು. ಅದನ್ನು ಬದಲಿಸಲೆಂದು ನಮ್ಮನೆಯ 1984ರ ಅಂಬಾಸಿಡರ್ ಮಾರ್ಕ್ 4ಕ್ಕೆ ಮೂರು ವರ್ಷದಲ್ಲಿ ನಾಲ್ಕು ಸಲ ಗೇರ್‌ಬಾಕ್ಸ್ ಇಳಿಸಿದ್ದಾಯಿತು. 1489 ಸಿಸಿ ಪೆಟ್ರೋಲ್ ಎಂಜಿನ್, ಸ್ಟೇರಿಂಗ್ ಪಕ್ಕದ ಗೇರು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟೆ ದಾಟಿ ಕಾರವಾರದ ತಂಗಿಯ ಮನೆಗೆ ಹೋಗಿ ಬರುವುದೇ ಅದಕ್ಕಿರುವ ಕೆಲಸ. ಇಳಿಯುವಾಗ ಯಾವ ಪ್ಲೇಟಾದರೂ ಒಂದೇ. ವಾಪಸು ಹತ್ತುವಾಗ ತಿರುವಿನಲ್ಲಿ ಲೋಡ್ ಲಾರಿಯ ಹಿಂದೆ ನಿಂತು, ಮತ್ತೆ ಹೊರಡಬೇಕಲ್ಲ, ಆಗ ಅದರ ಬಂಡವಾಳ ಗೊತ್ತಾಗುತ್ತದೆ.

ಮೊದಲು ಹಾಕಿಸಿದ್ದು ಹೊಸ ಲೈನಿಂಗ್, ಅಂದರೆ ಉಜ್ಜಿ ಹಿಡಿಯುವ ಪದರ, ಹೊಡೆಸಿದ ಹಳೇ ಪ್ಲೇಟು. ಹೊಸದರ ಅರ್ಧ ದುಡ್ಡೂ ಬೀಳಲಿಲ್ಲ. ರಿವೆಟ್ ತಲೆಗಳು ಲೈನಿಂಗ್ ಒಳಗೆ ಸರಿಯಾಗಿ ಮುಳುಗಿದ್ದವು, ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಏರಿನಲ್ಲಿ ಪೆಡಲ್ ಬಿಟ್ಟರೆ ಗಾಡಿ ಮಲೇರಿಯಾ ಬಂದವರ ಹಾಗೆ ಗಡಗಡ ನಡುಗುತ್ತಿತ್ತು. ಡ್ಯಾಶ್‌ಬೋರ್ಡ್ ಮೇಲಿನ ಗಣಪತಿಯೂ ಅಲುಗಾಡುವಷ್ಟು. ಲೈನಿಂಗ್ ಹೊಡೆದವನಿಗೆ ಮನಸ್ಸಿನಲ್ಲೇ ಮಂಗಳಾರತಿ ಎತ್ತಿದೆ.

ಎರಡನೆಯದು ಪೆಟ್ಟಿಗೆಯ ಮೇಲೆ ಊರು ಹೆಸರು ಯಾವುದೂ ಇಲ್ಲದ ಅಗ್ಗದ ಹೊಸ ಪ್ಲೇಟು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ ಅರ್ಧ ತಾಸು ಹಾಫ್ ಕ್ಲಚ್ಚಿನಲ್ಲಿ ತೆವಳಿದ್ದಕ್ಕೆ ಸುಟ್ಟ ವಾಸನೆ ಹಿಡಿಯಿತು. ಅಲ್ಲಿಂದ ಮುಂದೆ ಮೂರನೇ ಗೇರಿನಲ್ಲಿ ಎಂಜಿನ್ ಕೂಗುವುದು, ಗಾಡಿ ಓಡದಿರುವುದು. ಬಿಚ್ಚಿದಾಗ ಲೈನಿಂಗ್ ಗಾಜಿನ ಹಾಗೆ ಮಿರುಗುತ್ತಿತ್ತು. ತಲೆ ಕೆಡಿಸಿದ್ದು ಬೇರೆಯೇ: ಈ ಪ್ಲೇಟಿನಲ್ಲೂ ಮೊದಲ ದಿನದಿಂದ ಅದೇ ನಡುಕ ಇತ್ತು.

ಹಾಗಾಗಿ ಮೂರನೇ ಸಲ ಬಿಚ್ಚುವಾಗ ನಾನೇ ಮೇಸ್ತ್ರಿಯ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟನ್ನು ಎಂಜಿನ್ನಿನ ಹಿಂದಿನ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಹಿಡಿಯುವುದು ಆರು ಬೋಲ್ಟು. ನಾಲ್ಕಕ್ಕೆ ಅರ್ಧ ಇಂಚಿನ ಪಾನಾ ಸರಿಯಾಗಿ ಕೂತಿತು. ಇನ್ನೆರಡಕ್ಕೆ ಅದು ಹತ್ತಲೇ ಇಲ್ಲ, 13 ಮಿ.ಮೀ. ಪಾನಾ ಬೇಕಾಯಿತು.

'ಭಟ್ರೇ, ಇದು ನಾ ಹಾಕಿದ್ದಲ್ಲ' ಅಂದ ಮೇಸ್ತ್ರಿ. ನಿಜವೇ, ಯಾವ ಕಾಲದಲ್ಲಿ ಯಾರು ಹಾಕಿದ್ದೋ.

ಈ ಎಂಜಿನ್ನಿನ ಮೂಲ ಇಂಗ್ಲೆಂಡು, ತ್ರೆಡ್ಡೂ ಇಂಚಿನ ಲೆಕ್ಕದ್ದು. ಬೋಲ್ಟು 5/16 ಇಂಚು, ಅಂದರೆ ಅಂಗಡಿಯವರ ಎರಡೂವರೆ ಸೂತ್, ಯುಎನ್ಎಫ್ ಅನ್ನುವ ನಯ ತ್ರೆಡ್ಡಿನದು, ಇಂಚಿಗೆ 24 ತ್ರೆಡ್. ಆ ಎರಡು ತೂತಿನಲ್ಲಿ ಸಿಕ್ಕಿದ್ದು ಎಂ8, ಮಿ.ಮೀ. ಲೆಕ್ಕದ್ದು. ದಪ್ಪ ನೋಡಿದರೆ ಅಣ್ಣತಮ್ಮ: ಒಂದು 7.94 ಮಿ.ಮೀ., ಇನ್ನೊಂದು 8. ತ್ರೆಡ್ಡಿನ ಅಂತರ ಮಾತ್ರ ಒಂದಕ್ಕೆ ಸುಮಾರು 1.06 ಮಿ.ಮೀ., ಇನ್ನೊಂದಕ್ಕೆ 1.25. ಬೆರಳಲ್ಲಿ ಎರಡು ಮೂರು ಸುತ್ತು ಹೋಗುತ್ತದೆ, ಆಮೇಲೆ ಹಿಡಿದುಕೊಳ್ಳುತ್ತದೆ. ಪಾನಾಕ್ಕೆ ಪೈಪ್ ಹಾಕಿ ತಿರುವಿದವನಿಗೆ ಭಾರೀ ಟೈಟಾಯಿತು ಅನ್ನಿಸಿರಬೇಕು. ಟೈಟಾಗಿದ್ದು ಹೌದು, ತೂತಿನಲ್ಲಿ ಸಿಕ್ಕಿಕೊಂಡು. ಪ್ರೆಶರ್ ಪ್ಲೇಟನ್ನು ಅದು ಒತ್ತಿಯೇ ಇರಲಿಲ್ಲ. ಪ್ರೆಶರ್ ಪ್ಲೇಟು ಒಂದು ಕಡೆ ಎದ್ದುಕೊಂಡಿತ್ತು, ನಡುಕ ಅದಕ್ಕೇ.

ಎಂ8ರ ತಲೆಯ ಮೇಲೆ 8.8 ಅಂತ ಚೆನ್ನಾಗಿ ಅಚ್ಚಾಗಿತ್ತು, ಗಟ್ಟಿ ಬೋಲ್ಟೇ. ಗಟ್ಟಿಯಾಗಿದ್ದಕ್ಕೇ ತೂತಿನ ತ್ರೆಡ್ ತಿಂದಿತ್ತು. ಊರಲ್ಲಿ 5/16 ಕೇಳಿದರೆ ಕೊಡುವುದು ಒರಟು ತ್ರೆಡ್ಡಿನದು, ಇಂಚಿಗೆ 18. ಅದೂ ಇಲ್ಲಿಗೆ ಬರುವುದಿಲ್ಲ. ಕೊನೆಗೆ ಹುಬ್ಬಳ್ಳಿಯಿಂದ ತಲೆಯ ಮೇಲೆ ಮೂರು ಗೀರಿರುವ, ಅಂದರೆ ಗಟ್ಟಿತನದಲ್ಲಿ ಗ್ರೇಡ್ 5ರ ಯುಎನ್ಎಫ್ ಬೋಲ್ಟು ತರಿಸಿದೆ. ಹಾಳಾದ ಎರಡು ತೂತಿಗೆ ಲೇತ್‌ನವರಲ್ಲಿ ಹೆಲಿಕಾಯಿಲ್, ಅಂದರೆ ಹೊಸ ತ್ರೆಡ್ ಆಗುವ ತಂತಿಯ ಸುರುಳಿ, ಹಾಕಿಸಿದೆ. ಉದ್ದವನ್ನೂ ಹಳೆಯದರ ಪಕ್ಕ ಇಟ್ಟು ನೋಡಿಯೇ ತಗೊಂಡೆ.

ಸರಿಯಾದ ಆರು ಬೋಲ್ಟನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದು, ಮೂರನೆಯದಾಗಿ ಕಂಪನಿ ಪ್ಲೇಟು ಹಾಕಿಸಿದೆ. ದೇವಿಮನೆಯಲ್ಲಿ ಲಾರಿಯ ಹಿಂದೆ ನಿಂತು ಹೊರಟರೆ ಬೆಣ್ಣೆ. ದುಡ್ಡಿದ್ದರೆ ಇದೇ ಹಾಕಿಸಿ, ಎರಡು ಮಾತಿಲ್ಲ. ಆದರೆ ಮಳೆಗಾಲದಲ್ಲಿ ಎರಡು ತಿಂಗಳು ಗಾಡಿಯನ್ನು ಕಾರವಾರದಲ್ಲೇ ಬಿಟ್ಟೆ. ಆ ಉಪ್ಪುಗಾಳಿಗೆ ಪ್ಲೇಟು ಫ್ಲೈವೀಲಿಗೆ ಅಂಟಿಕೊಂಡಿತು. ಗೇರಿಗೆ ಹಾಕಿ, ಕ್ಲಚ್ ಒತ್ತಿ, ಸ್ಟಾರ್ಟರ್ ಹೊಡೆದು ಬಿಡಿಸುವಾಗ ಲೈನಿಂಗಿನ ಒಂದು ಚೂರು ಫ್ಲೈವೀಲಿನಲ್ಲೇ ಉಳಿಯಿತು. ಅದು ಪ್ಲೇಟಿನ ತಪ್ಪಲ್ಲ, ನನ್ನದು. ಪೆಡಲ್ ಒತ್ತಿ, ಸೀಟಿಗೂ ಅದಕ್ಕೂ ನಡುವೆ ಒಂದು ಕೋಲು ಸಿಕ್ಕಿಸಿ ಇಟ್ಟಿದ್ದರೆ ಮುಗಿಯುತ್ತಿತ್ತು.

ಇನ್ನೊಂದು ಹೊಸದಕ್ಕೆ ಕೈ ಓಡದೆ, ಬೈದು ಮೂಲೆಗೆ ಎಸೆದಿದ್ದ ಲೈನಿಂಗ್ ಪ್ಲೇಟನ್ನೇ ಒರೆಸಿ ಹಾಕಿಸಿದೆ, ಈ ಸಲ ಸರಿಯಾದ ಬೋಲ್ಟಿನ ಜೊತೆ. ನಡುಕ ಮುಕ್ಕಾಲು ಭಾಗ ಮಾಯ. ಉಳಿದಿರುವುದು ಬಿಡುವಾಗಿನ ಒಂದು ಸಣ್ಣ ಜಗ್ಗು. ಹಳೇ ಪ್ಲೇಟಿನ ಎರಡು ಲೈನಿಂಗ್ ನಡುವಿನ ಅಲೆಅಲೆ ತಗಡು ಚಪ್ಪಟೆಯಾಗಿದೆ, ಮೆತ್ತಗೆ ಹಿಡಿಯುವುದು ಅದರಿಂದಾಗದು. ಬಯಲುಸೀಮೆಯಲ್ಲಿ ಓಡಿಸುವವರಿಗೆ ಇಷ್ಟು ಸಾಕೇಸಾಕು. ಲೈನಿಂಗ್ ಹೊಡೆದವನ ಅಂಗಡಿಗೆ ಮೊನ್ನೆ ಹೋಗಿ ಒಂದು ಚಾ ಕುಡಿಸಿ ಬಂದೆ. ಯಾಕೆ ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.