ಕಾರ್ನ್ ಸ್ನೇಕ್ ಮರಿಗೆ ಊಟದ ಲೆಕ್ಕ: ತೂಕವೋ, ದಪ್ಪವೋ, ತಿನ್ನುವಷ್ಟೋ?

ಕಾರ್ನ್ ಸ್ನೇಕ್ ಎಂದರೆ ಮನೆಯಲ್ಲಿ ಸಾಕುವ ಅಮೆರಿಕದ ಒಂದು ಹಾವು. ಅದರ ಮರಿಗೆ ಎಷ್ಟು ಇಲಿ ಕೊಡಬೇಕು ಎಂಬುದಕ್ಕೆ ಮೂರು ಲೆಕ್ಕಗಳು ಚಾಲ್ತಿಯಲ್ಲಿವೆ. ಹಾವಿನ ನಡುಭಾಗದ ದಪ್ಪಕ್ಕೆ ಇಲಿಯ ದಪ್ಪ ಹೊಂದಿಸುವುದು ಒಂದು. ನಾಲ್ಕೈದು ದಿನಕ್ಕೊಮ್ಮೆ ತಿನ್ನುವಷ್ಟು ಕೊಡುವುದು ಇನ್ನೊಂದು. ಹಾವನ್ನೂ ಇಲಿಯನ್ನೂ ತೂಗಿ ಕೊಡುವುದು ಮೂರನೆಯದು. ಮೂರನ್ನೂ ನಡೆಸಿ ನೋಡಿದ ಮೇಲೆ ತೂಕದ ಲೆಕ್ಕಕ್ಕೇ ನಿಂತಿದ್ದೇನೆ. ಪೆಟ್ಟಿಗೆಯ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಬಿಟ್ಟರೆ, 0.1 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯಷ್ಟು ಉಪಯೋಗಕ್ಕೆ ಬರುವ ವಸ್ತು ಈ ಸಾಕಣೆಯಲ್ಲಿ ಇನ್ನೊಂದಿಲ್ಲ.

ದಪ್ಪದ ಲೆಕ್ಕ ಸುಲಭ: ಹಾವಿನ ಅತಿ ದಪ್ಪ ಜಾಗದಷ್ಟು, ಹೆಚ್ಚೆಂದರೆ ಅದರ ಒಂದೂವರೆ ಪಟ್ಟು ದಪ್ಪದ ಇಲಿ. ದೊಡ್ಡ ಹಾವಿಗೆ ಇದು ಸಾಕು. ಮರಿಗೆ ಕಣ್ಣಳತೆ ಮೋಸ ಮಾಡುತ್ತದೆ. ಕೂದಲು ಬಂದ ಇಲಿಯ ದಪ್ಪ ಅಂದಾಜಿಗೆ ಸಿಗುವುದಿಲ್ಲ.

ತಿನ್ನುವಷ್ಟು ಕೊಡುವ ಕ್ರಮ ಹೊಸಬರನ್ನು ಸೆಳೆಯುತ್ತದೆ, ಏಕೆಂದರೆ ಮರಿ ಕಣ್ಣೆದುರೇ ಉದ್ದವಾಗುತ್ತದೆ. ಆದರೆ ಕೊನೆಗೆ ಹಾವು ಎಷ್ಟು ಉದ್ದವಾಗುತ್ತದೆ ಎಂಬುದು ಬಹುಪಾಲು ಅದರ ವಂಶಕ್ಕೆ, ಗಂಡೋ ಹೆಣ್ಣೋ ಎಂಬುದಕ್ಕೆ ಸೇರಿದ್ದು. ಬೆಳೆದ ಕಾರ್ನ್ ಸ್ನೇಕ್ ಸಾಮಾನ್ಯವಾಗಿ 90ರಿಂದ 150 ಸೆಂ.ಮೀ., ಗಂಡು ಸ್ವಲ್ಪ ಹೆಚ್ಚು ಉದ್ದ. ಸುಮಾರು ಮೂರು ವರ್ಷಕ್ಕೆ ಆ ಗಾತ್ರದ ಹತ್ತಿರ ಬರುತ್ತದೆ. ಪೆಟ್ಟಿಗೆ ಚಿಕ್ಕದಿದ್ದರೆ ಹಾವೂ ಚಿಕ್ಕದಾಗಿಯೇ ಉಳಿಯುತ್ತದೆ ಎಂಬ ಮಾತು ಸುಳ್ಳು. ಮೇಲಿಂದ ಮೇಲೆ ತಿನ್ನಿಸಿದ್ದರಲ್ಲಿ ಹೆಚ್ಚಿನ ಭಾಗ ಕೊಬ್ಬಾಗಿ ಕೂರುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ: ಆರೋಗ್ಯವಂತ ಹಾವಿನ ಮೈ ಅಡ್ಡಕ್ಕೆ ನೋಡಿದರೆ ಬ್ರೆಡ್ಡಿನ ಆಕಾರ, ಅಡಿ ಚಪ್ಪಟೆ, ಮೇಲೆ ದುಂಡು. ಕೊಬ್ಬಿದ ಹಾವು ಪೂರ್ತಿ ದುಂಡಗಿರುತ್ತದೆ, ಹೊಟ್ಟೆ ಖಾಲಿ ಇದ್ದಾಗಲೂ ಹುರುಪೆಗಳ ನಡುವೆ ಚರ್ಮ ಕಾಣುತ್ತದೆ, ಬಾಲ ಶುರುವಾಗುವಲ್ಲಿ ಎರಡೂ ಬದಿ ಉಬ್ಬಿರುತ್ತದೆ. ಹೆಣ್ಣಾದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಅಪಾಯವೂ ಹೆಚ್ಚು. ಮರಿ ಮಾಡಿಸುವವರು ಅದಕ್ಕೆ ಮುಂಚೆ ಹೆಣ್ಣಿಗೆ ಕನಿಷ್ಠ ಮೂರು ವರ್ಷ, ಮೂರು ಅಡಿ, 300 ಗ್ರಾಂ ಆಗಿರಬೇಕು ಎನ್ನುತ್ತಾರೆ. ಅದರಲ್ಲಿ ವರ್ಷವನ್ನು ಬಿಟ್ಟು ಗ್ರಾಂ ಮಾತ್ರ ಹಿಡಿದು ಓಡಿಸಿದರೆ ನಷ್ಟ ಹಾವಿಗೆ.

ತೂಕದ ಲೆಕ್ಕ ಹೀಗೆ. ಮೊಟ್ಟೆಯೊಡೆದ ಮರಿ ಆರರಿಂದ ಎಂಟು ಗ್ರಾಂ. ಅದಕ್ಕೆ ಒಂದೂವರೆ ಗ್ರಾಮಿನ ಪಿಂಕಿ (ಕೂದಲು ಬಾರದ ಎಳೆ ಇಲಿಮರಿ), ಆರೇಳು ದಿನಕ್ಕೊಂದು. ಇದು ಮೈತೂಕದ ಶೇ. 19ರಿಂದ 25 ಆಗುತ್ತದೆ, ಆದರೂ ಪರವಾಗಿಲ್ಲ. ಪಿಂಕಿ ಮೆತ್ತಗಿರುತ್ತದೆ, ಬಹುಪಾಲು ನೀರು, ಬೇಗ ಜೀರ್ಣವಾಗುತ್ತದೆ. ಮರಿ 15 ಗ್ರಾಂ ದಾಟಿದ ಮೇಲೆ ಎರಡು ಪಿಂಕಿ ಅಥವಾ ಒಂದು ಸಣ್ಣ ಫಜಿ (ಆಗಷ್ಟೇ ಕೂದಲು ಮೂಡಿದ ಇಲಿಮರಿ). 30 ಗ್ರಾಂ ದಾಟಿದ ಮೇಲೆ ಶೇ. 10ರಿಂದ 15. 100 ಗ್ರಾಂ ಆದ ಮೇಲೆ ಶೇ. 10ರ ಆಸುಪಾಸು, ಏಳರಿಂದ ಹತ್ತು ದಿನಕ್ಕೊಮ್ಮೆ. 400 ದಾಟಿದ ಹಾವಿಗೆ ಎರಡು ವಾರಕ್ಕೊಂದು ದೊಡ್ಡ ಇಲಿ ಸಾಕು.

ಈ ಕ್ರಮದಲ್ಲಿ ನಿಜವಾಗಿ ತಲೆ ತಿನ್ನುವುದು ಒಂದೇ: ಪೊಟ್ಟಣದ ಮೇಲಿನ ಹೆಸರು. ಫ್ರೋಜನ್ ಇಲಿಯನ್ನು ಪಿಂಕಿ, ಫಜಿ, ಅದಕ್ಕಿಂತ ದೊಡ್ಡದಾದರೆ ಹಾಪರ್ ಎಂದು ಮಾರುತ್ತಾರೆ. ಒಬ್ಬರ ಹಾಪರ್ ಇನ್ನೊಬ್ಬರ ಫಜಿ. ಒಂದೇ ಪೊಟ್ಟಣದಲ್ಲಿ 7 ಗ್ರಾಮಿನದೂ ಇರುತ್ತದೆ, 12 ಗ್ರಾಮಿನದೂ ಇರುತ್ತದೆ. 80 ಗ್ರಾಮಿನ ಹಾವಿಗೆ ಮೊದಲನೆಯದು ಕಡಿಮೆ, ಎರಡನೆಯದು ಶೇ. 15. ಹೆಸರು ನಂಬಿ ಕೊಟ್ಟರೆ ಒಂದು ವಾರ ಅರೆಹೊಟ್ಟೆ, ಮುಂದಿನ ವಾರ ಮಿತಿಯ ಅಂಚಿನವರೆಗೆ ಊಟ.

ಅದಕ್ಕೇ ಪೊಟ್ಟಣ ಮನೆಗೆ ಬಂದ ದಿನವೇ, ಕರಗುವ ಮುಂಚೆ, ಒಂದೊಂದನ್ನೂ ತೂಗಿ ಸಣ್ಣ ಜಿಪ್ ಚೀಲಗಳಲ್ಲಿ ವಿಂಗಡಿಸಿ ತೂಕ ಬರೆದಿಡಬೇಕು. ಇಲಿಯನ್ನು ನೇರವಾಗಿ ನೀರಿಗೆ ಹಾಕಿ ಕರಗಿಸಿದರೆ ಕೂದಲು ನೀರು ಹಿಡಿದು ಅಂಕಿ ತಪ್ಪುತ್ತದೆ. ಚೀಲದೊಳಗೇ ರಾತ್ರಿ ಫ್ರಿಜ್ಜಿನಲ್ಲಿಟ್ಟು, ಬೆಳಗ್ಗೆ ಬಿಸಿನೀರಿನಲ್ಲಿ ಚೀಲ ಅದ್ದಿ ಬೆಚ್ಚಗೆ ಮಾಡುವುದು ಸರಿ. ಮೈಕ್ರೋವೇವ್ ಬೇಡವೇ ಬೇಡ. ಇಲಿಯ ಮೇಲೆ ಸಾಲ್ಮೊನೆಲ್ಲಾ ಇರಬಹುದು. ಪಾತ್ರೆ, ಇಕ್ಕಳ ಎಲ್ಲವೂ ಬೇರೆಯೇ ಇರಲಿ. ಸಸ್ಯಾಹಾರಿ ಅಡುಗೆಮನೆಯಾದರೆ ಮೊದಲೇ ಪುಟ್ಟ ಬೇರೆ ಫ್ರೀಜರಿಗೆ ದುಡ್ಡು ಎತ್ತಿಡುವುದು ಒಳ್ಳೆಯದು.

ಹಾವನ್ನು ತೂಗುವಾಗಲೂ ಇದೇ ಎಚ್ಚರ ಬೇಕು. ಒಂದು ಗ್ರಾಮಿನ ಹೆಜ್ಜೆಯಲ್ಲಿ ಏರುವ ಅಡುಗೆಮನೆ ತಕ್ಕಡಿಗೆ 6.6 ಗ್ರಾಮಿನ ಮರಿಯೂ 7, 7.4 ಗ್ರಾಮಿನದೂ 7. ವಾರದ ಬೆಳವಣಿಗೆ ಅಲ್ಲೇ ಮಾಯ. ಮುಚ್ಚಳದ ಡಬ್ಬಿ ಇಟ್ಟು ಸೊನ್ನೆ ಮಾಡಿ, ಹಿಕ್ಕೆ ಹಾಕಿದ ಮೇಲೆ, ಊಟಕ್ಕೆ ಮುಂಚೆ ತೂಗಿ. ಊಟವಾದ ಮರುದಿನದ ತೂಕ ಇಲಿಯ ತೂಕವೇ ಹೊರತು ಬೆಳವಣಿಗೆಯಲ್ಲ.

ಖರ್ಚಿನ ವಿಷಯ: ನೂರು ಪಿಂಕಿ ಒಟ್ಟಿಗೆ ಕೊಂಡರೆ ಅಗ್ಗ, ಆದರೆ ಒಂದೇ ಮರಿಗೆ ಕೊಳ್ಳಬೇಡಿ. ಎರಡು ಮೂರು ತಿಂಗಳಲ್ಲಿ ಅದು ಆ ಗಾತ್ರ ದಾಟುತ್ತದೆ. ಹದಿನೈದು ಇಪ್ಪತ್ತು ಸಾಕು. ದೊಡ್ಡ ಕಟ್ಟು ದೊಡ್ಡ ಹಾವಿಗೆ ಮಾತ್ರ.

ಯಾವ ಲೆಕ್ಕ ಹಿಡಿದರೂ ಬಿಸಿ ಸರಿಯಿಲ್ಲದಿದ್ದರೆ ಜೀರ್ಣವಾಗುವುದಿಲ್ಲ. ಬೆಚ್ಚನೆಯ ಬದಿ 29ರಿಂದ 31 ಡಿಗ್ರಿ, ತಂಪು ಬದಿ 23ರ ಸುತ್ತ. ತಿಂದ ಮೇಲೆ 48 ಗಂಟೆ ಹಾವನ್ನು ಎತ್ತಬಾರದು. ಕಕ್ಕಿದರೆ ಗಾಬರಿಯಿಂದ ಮತ್ತೆ ತಿನ್ನಿಸಬೇಡಿ: ನೀರು ಇಡಿ, ಬಿಸಿ ಅಳೆಯಿರಿ, ಹತ್ತು ಹದಿನಾಲ್ಕು ದಿನ ಬಿಟ್ಟು ಮೊದಲಿನ ಅರ್ಧ ತೂಕದ ಇಲಿ ಕೊಡಿ. ಮತ್ತೆ ಕಕ್ಕಿದರೆ ಸರೀಸೃಪಗಳನ್ನು ನೋಡುವ ವೈದ್ಯರ ಬಳಿಗೆ ಹೋಗಿ. ನಡುಮೈ ಗಡ್ಡೆಯಂತೆ ಉಬ್ಬಿದ್ದರೆ ಒಂದು ದಿನವೂ ಕಾಯಬಾರದು.

ಒಂದು ಕಾನೂನಿನ ಮಾತು. ಇದು ಅಮೆರಿಕದ ಆಗ್ನೇಯ ರಾಜ್ಯಗಳ ಹಾವು. ಅಲ್ಲಿನ ಜಾರ್ಜಿಯಾದಲ್ಲಿ ಅದು ಸ್ಥಳೀಯ ಕಾಡಿನ ಹಾವೆಂಬ ಕಾರಣಕ್ಕೆ ಪರವಾನಗಿಯಿಲ್ಲದೆ ಸಾಕುವಂತಿಲ್ಲ. ನಮ್ಮಲ್ಲಿ ಇದನ್ನು ನೋಡಿ ಆಸೆಪಟ್ಟು ಕೇರೆಹಾವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಬೆಳೆದ ಗಂಡು ವಸಂತದಲ್ಲಿ ಕೆಲವು ವಾರ ಊಟ ಬಿಡುತ್ತದೆ. ಪೊರೆ ಬಿಡುವ ಮುಂಚೆ ಕಣ್ಣು ನೀಲಿಯಾದಾಗಲೂ ಹಾಗೇ. ತೂಕದ ಪಟ್ಟಿ ಕೈಯಲ್ಲಿದ್ದರೆ ಆಗ ಹೆದರಬೇಕಿಲ್ಲ. ಅಂಕಿ ಹೆಚ್ಚುಕಮ್ಮಿ ಅಲ್ಲೇ ನಿಂತಿದ್ದರೆ ಕಾಯಬಹುದು, ಶೇ. 10ರಷ್ಟು ಇಳಿದರೆ ವೈದ್ಯರಿಗೆ ಫೋನ್ ಮಾಡಬೇಕು.